ಹುಬ್ಬಳ್ಳಿ-ಧಾರವಾಡದಲ್ಲಿದ್ದು ಫುಟ್‌ಬಾಲ್ ಆಟಗಾರರ ಹಸ್ತಾಕ್ಷರ ಸಂಗ್ರಹಿಸುವುದು ಹೇಗೆ?

ಹುಬ್ಬಳ್ಳಿಯಲ್ಲಾಗಲಿ ಧಾರವಾಡದಲ್ಲಾಗಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಆಡುವ ಫುಟ್‌ಬಾಲ್ ತಂಡವಿಲ್ಲ. ಗದಗ, ಹಾವೇರಿಗಳ ಮಾತಂತೂ ಕೇಳುವುದೇ ಬೇಡ. ಆದ್ದರಿಂದ ಈ ಭಾಗದಲ್ಲಿದ್ದು ವೃತ್ತಿಪರ ಆಟಗಾರರ ಹಸ್ತಾಕ್ಷರ ಸಂಗ್ರಹಿಸಬೇಕೆನ್ನುವವರು ಎಲ್ಲಿಗೆ ಹೋಗಿ ಕಾಯಬೇಕೆಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಪೆನ್ನು, ಕಾಗದ, ಜೆರ್ಸಿಗಳ ವಿಚಾರ ಆಮೇಲಿನದು. ನಾನು ಧಾರವಾಡದಲ್ಲಿ ಬೆಳೆದವನು. ನಮ್ಮ ಸೋದರಮಾವನ ಬಳಿ ಮಲ್ಲಿಕಾರ್ಜುನ ಮನಸೂರರ ಸಹಿಯಿದ್ದ ಸಣ್ಣದೊಂದು ಪುಸ್ತಕವಿತ್ತು. ಹಾಡುವವರ, ಕವಿತೆ ಬರೆಯುವವರ ಸಹಿ ಪಡೆಯುವುದು ಆ ಕಾಲದ ಧಾರವಾಡದವರಿಗೆ ಸಂಜೆಯ ತಿರುಗಾಟದಷ್ಟು ಸುಲಭವಿತ್ತು, ಏಕೆಂದರೆ ಸಹಿ ಹಾಕುವವರು ಇದೇ ಊರಿನ ಓಣಿಗಳಲ್ಲಿದ್ದರು. ಫುಟ್‌ಬಾಲ್ ಆಟಗಾರರ ವಿಷಯದಲ್ಲಿ ನಾವೇ ಬುತ್ತಿ ಕಟ್ಟಿಕೊಂಡು ಹೊರಡಬೇಕು.

ಮೊದಲ ಹೆಜ್ಜೆ: ಊರನ್ನು ಆರಿಸಿಕೊಳ್ಳುವುದು

ಕರ್ನಾಟಕದವರೆಂದ ಮೇಲೆ ಬೆಂಗಳೂರು ಎಫ್‌ಸಿಯ ಕಡೆಗೆ ಮನಸ್ಸು ಓಡುವುದು ಸಹಜ. 2013ರಲ್ಲಿ ಆರಂಭವಾಗಿ, ಮೊದಲ ಋತುವಿನಲ್ಲಿಯೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದು, 2018–19ರಲ್ಲಿ ಐಎಸ್‌ಎಲ್ ಪ್ರಶಸ್ತಿಯನ್ನೂ ಪಡೆದ ಈ ತಂಡದ ತವರು ಶ್ರೀ ಕಂಠೀರವ ಕ್ರೀಡಾಂಗಣ. ಆದರೆ ಆ ಕ್ರೀಡಾಂಗಣದಲ್ಲಿ ಅಂಗಣಕ್ಕೂ ಪ್ರೇಕ್ಷಕರಿಗೂ ನಡುವೆ ಅಥ್ಲೆಟಿಕ್ಸ್ ಟ್ರ್ಯಾಕ್ ಇರುವುದರಿಂದ, ಪಂದ್ಯ ಮುಗಿದ ಮೇಲೆ ಆಟಗಾರರು ಚಪ್ಪಾಳೆ ತಟ್ಟಲು ಗ್ಯಾಲರಿಯ ಕಡೆಗೆ ಬಂದರೂ ಕೈಗೆ ಸಿಗುವಷ್ಟು ಹತ್ತಿರವಾಗುವುದು ಕಷ್ಟ. ಅಲ್ಲಿ ಸಹಿ ಸಿಗುವುದಾದರೆ ಆಟಗಾರರ ಬಸ್ಸು ಬಂದು ನಿಲ್ಲುವ ಬಾಗಿಲಿನಲ್ಲಿ ಮಾತ್ರ. ಪ್ರಯಾಣದ ಲೆಕ್ಕವೂ ಗಮನದಲ್ಲಿರಲಿ. ಬೆಂಗಳೂರು ನಮಗೆ ನಾಲ್ಕುನೂರು ಕಿಲೋಮೀಟರಿಗೂ ಮಿಕ್ಕ ದೂರ. 2023ರ ಜೂನ್‌ನಲ್ಲಿ ಆರಂಭವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ಮಧ್ಯಾಹ್ನ ಹೊರಟು ಸಂಜೆಯಾದ ಮೇಲೆ ಮುಟ್ಟುವುದರಿಂದ ಸಂಜೆಯ ಪಂದ್ಯಕ್ಕೆ ಉಪಯೋಗವಿಲ್ಲ. 2025ರ ಆಗಸ್ಟ್‌ನಲ್ಲಿ ಸೇರಿಕೊಂಡ ಬೆಳಗಾವಿ–ಬೆಂಗಳೂರು ವಂದೇ ಭಾರತ್ ಬೆಳಿಗ್ಗೆ ನಮ್ಮ ಊರುಗಳನ್ನು ಹಾದು ಹೋಗುವುದರಿಂದ ಅದು ಅನುಕೂಲ. ಅದು ಬೇಡವೆಂದರೆ ಹಿಂದಿನ ರಾತ್ರಿಯ ರೈಲು ಇದ್ದೇ ಇದೆ.

ನನ್ನನ್ನು ಕೇಳಿದರೆ, ಹುಬ್ಬಳ್ಳಿಯ ಸಂಗ್ರಾಹಕರು ಮೊದಲು ಗೋವಾದ ಕಡೆಗೆ ಮುಖ ಮಾಡಬೇಕು. ಎಫ್‌ಸಿ ಗೋವಾ ತಂಡ ಆಡುವ ಮಡಗಾಂವದ ಫತೋರ್ಡಾ ಕ್ರೀಡಾಂಗಣ ರಾಮನಗರ, ಅನಮೋಡ ಮಾರ್ಗವಾಗಿ ಹೋದರೆ ಇನ್ನೂರು ಕಿಲೋಮೀಟರಿನೊಳಗೆ ಸಿಗುತ್ತದೆ, ಎಂದರೆ ಬೆಂಗಳೂರಿನ ಅರ್ಧ ದಾರಿ. ಯಶವಂತಪುರ–ವಾಸ್ಕೋ ರೈಲು ಹುಬ್ಬಳ್ಳಿಯ ಮೇಲೆಯೇ ಹೋಗುತ್ತದೆ. ಕ್ಯಾಸಲ್‌ರಾಕ್‌ನಿಂದ ಕುಳೆಯವರೆಗಿನ ಘಟ್ಟದಲ್ಲಿ ಹಳಿಯ ಇಳಿಜಾರು 37ಕ್ಕೆ 1ರಷ್ಟು ಕಡಿದಾಗಿರುವುದರಿಂದ ರೈಲು ಆಮೆಯಂತೆ ಇಳಿಯುತ್ತದೆ. ದೂರ ಕಡಿಮೆಯಿದೆಯೆಂದು ವೇಳೆಯನ್ನು ಬಿಗಿಯಾಗಿ ಲೆಕ್ಕ ಹಾಕಬಾರದು. ಮಳೆಗಾಲದಲ್ಲಿ ಅನಮೋಡ ಘಟ್ಟದ ರಸ್ತೆಯಲ್ಲಿ ಮಣ್ಣು ಕುಸಿಯುವುದುಂಟು, ಆಗ ರೈಲೇ ಲೇಸು.

ಗೋವಾದಲ್ಲಿ ಇನ್ನೊಂದು ಲಾಭವಿದೆ. ಅಲ್ಲಿ ಫುಟ್‌ಬಾಲ್ ಎಂದರೆ ಐಎಸ್‌ಎಲ್ ಒಂದೇ ಅಲ್ಲ. ರಾಷ್ಟ್ರೀಯ ಲೀಗ್ ಪ್ರಶಸ್ತಿಯನ್ನು ಐದು ಸಲ ಗೆದ್ದ ಡೆಂಪೊ, ಹಾಗೆಯೇ ಸಾಲಗಾಂವಕರ, ಚರ್ಚಿಲ್ ಬ್ರದರ್ಸ್ ಮುಂತಾದ ಹಳೆಯ ಕ್ಲಬ್‌ಗಳ ಪಂದ್ಯಗಳು ವಾಸ್ಕೋದ ತಿಲಕ ಮೈದಾನದಲ್ಲಿ, ಮಾಪುಸಾದ ದುಲೇರ್ ಮೈದಾನದಲ್ಲಿ ನಡೆಯುತ್ತವೆ. ಅಲ್ಲಿ ಜನಸಂದಣಿ ಕಡಿಮೆ, ಪೊಲೀಸರ ಕಾವಲೂ ಕಡಿಮೆ, ಆಟಗಾರರು ಕೈಚೀಲ ಹೆಗಲಿಗೇರಿಸಿಕೊಂಡು ನಡೆದೇ ಹೊರಬರುತ್ತಾರೆ. ಭಾರತ ತಂಡಕ್ಕೆ ಆಡಿದ ಹಿರಿಯರು ಇಂಥ ಪಂದ್ಯಗಳನ್ನು ನೋಡಲು ಬಂದು ಗ್ಯಾಲರಿಯಲ್ಲಿ ಕುಳಿತಿರುವ ಸಾಧ್ಯತೆಯೂ ಇದೆ. ಗೋವಾದ ಹಿರಿಯ ಗೋಲ್‌ಕೀಪರ್, 2022ರಲ್ಲಿ ಪದ್ಮಶ್ರೀ ಪಡೆದ ಬ್ರಹ್ಮಾನಂದ ಸಂಖವಾಳಕರ್ ಅವರಂಥವರ ಮುಖಪರಿಚಯವನ್ನು ಮೊದಲೇ ಮಾಡಿಕೊಂಡು ಹೋಗುವುದು ಒಳ್ಳೆಯದು. ಪಕ್ಕದಲ್ಲಿ ಕುಳಿತವರು ಯಾರೆಂದು ತಿಳಿಯದೆ ಎದ್ದು ಬಂದ ಅನುಭವ ನನಗಿದೆ.

ರಾಜ್ಯ ತಂಡಗಳ ನಡುವೆ ನಡೆಯುವ ಸಂತೋಷ್ ಟ್ರೋಫಿಯ ಆಟಗಾರರನ್ನೂ, ಮಹಿಳಾ ಆಟಗಾರರನ್ನೂ ನಮ್ಮ ಕಡೆಯ ಸಂಗ್ರಾಹಕರು ಮರೆತೇಬಿಡುತ್ತಾರೆ. ಕರ್ನಾಟಕ 54 ವರ್ಷಗಳ ನಂತರ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಆ ತಂಡದ ಎಲ್ಲರ ಸಹಿಯಿರುವ ಒಂದು ಹಾಳೆ ಇಂದು ಯಾರ ಬಳಿಯಲ್ಲಾದರೂ ಇದ್ದರೆ ನನಗೆ ನಿಜಕ್ಕೂ ಹೊಟ್ಟೆಕಿಚ್ಚು. ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆಯುವ ರಾಜ್ಯಮಟ್ಟದ ಲೀಗ್ ಪಂದ್ಯಗಳಿಗೆ ಹೋದರೆ ಇಂಥ ಆಟಗಾರರು ಸುಲಭವಾಗಿ ಸಿಗುತ್ತಾರೆ.

ಎರಡನೆಯ ಹೆಜ್ಜೆ: ಪಂದ್ಯ ಖಚಿತವಾದ ಮೇಲೆಯೇ ಟಿಕೆಟ್

ಭಾರತೀಯ ಫುಟ್‌ಬಾಲಿನ ವೇಳಾಪಟ್ಟಿಯನ್ನು ನಂಬಿ ತಿಂಗಳುಗಟ್ಟಲೆ ಮುಂಚೆ ರೈಲು ಕಾಯ್ದಿರಿಸುವುದು ಜಾಣತನವಲ್ಲ. 2025ರ ಸೆಪ್ಟೆಂಬರ್ ಹೊತ್ತಿಗೆ ಆರಂಭವಾಗಬೇಕಿದ್ದ ಐಎಸ್‌ಎಲ್ ಋತುವೇ ಮುಂದಕ್ಕೆ ಹೋಯಿತು. ಆಟಗಾರ ಬರುತ್ತಾನೆಂಬ ಖಾತ್ರಿಯೂ ಇರುವುದಿಲ್ಲ. 2025ರ ಅಕ್ಟೋಬರ್ 22ರಂದು ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಟೂ ಪಂದ್ಯಕ್ಕಾಗಿ ಸೌದಿ ಅರೇಬಿಯದ ಅಲ್ ನಸ್ರ್ ತಂಡ ಫತೋರ್ಡಾಕ್ಕೆ ಬಂದಾಗ ಜನರೆಲ್ಲ ಕ್ರಿಸ್ಟಿಯಾನೊ ರೊನಾಲ್ಡೊ ಅವರ ಹೆಸರು ಜಪಿಸುತ್ತಿದ್ದರು. ಅವರು ತಂಡದೊಂದಿಗೆ ಗೋವಾಕ್ಕೆ ಬರಲೇ ಇಲ್ಲ. ಅಲ್ ನಸ್ರ್ 2–1ರಿಂದ ಗೆದ್ದ ಆ ಪಂದ್ಯದಲ್ಲಿ ಗೋವಾದ ಪರವಾಗಿ ಗೋಲು ಹೊಡೆದವರು ಬ್ರೈಸನ್ ಫರ್ನಾಂಡಿಸ್. ರೊನಾಲ್ಡೊ ಚಿತ್ರವೊಂದನ್ನೇ ಹಿಡಿದು ಹೋದವರು ಅದನ್ನು ಹಾಗೆಯೇ ವಾಪಸು ತಂದಿರಬೇಕು. ಬ್ರೈಸನ್ ಅವರ ಚಿತ್ರವನ್ನೂ ಚೀಲದಲ್ಲಿಟ್ಟುಕೊಂಡವರಿಗೆ ಆ ರಾತ್ರಿಯ ನೆನಪನ್ನು ಸಹಿ ಮಾಡಿಸಿಕೊಳ್ಳಲು ಒಂದು ದಾರಿಯಾದರೂ ಇತ್ತು. ಯಾವ ಪಂದ್ಯಕ್ಕೆ ಹೋದರೂ ಕನಿಷ್ಠ ಐದಾರು ಆಟಗಾರರ ಚಿತ್ರಗಳಿರಲಿ, ಅವುಗಳಲ್ಲಿ ಅರ್ಧದಷ್ಟು ಆತಿಥೇಯ ತಂಡದವರದಾಗಿರಲಿ.

ಮೂರನೆಯ ಹೆಜ್ಜೆ: ಸಹಿ ಯಾವುದರ ಮೇಲೆ, ಯಾವ ಪೆನ್ನಿನಿಂದ

ಅತ್ಯಂತ ಅಗ್ಗವಾದದ್ದೂ ಅನುಕೂಲವಾದದ್ದೂ ಫೋಟೋ. ಆಟಗಾರನ ಒಳ್ಳೆಯ ಚಿತ್ರವನ್ನು ಸ್ಟುಡಿಯೋದಲ್ಲಿ 6×4 ಅಥವಾ 8×10 ಇಂಚಿನ ಅಳತೆಯಲ್ಲಿ ಪ್ರಿಂಟ್ ಹಾಕಿಸಿಕೊಳ್ಳಬೇಕು. ಚಿತ್ರ ಆರಿಸುವಾಗ ಸಹಿಗೆ ಜಾಗವಿದೆಯೇ ಎಂದು ನೋಡಬೇಕು: ಮುಖದ ಪಕ್ಕದಲ್ಲಿ ತಿಳಿಬಣ್ಣದ ಬಯಲು ಇರಬೇಕು, ಹಿಂದೆ ಪ್ರೇಕ್ಷಕರ ಸಾಲೋ ಕಪ್ಪು ನೆರಳೋ ಇದ್ದರೆ ಸಹಿ ಅದರಲ್ಲಿ ಮುಳುಗಿಹೋಗುತ್ತದೆ. ಹೊಳಪಿನ ಕಾಗದಕ್ಕಿಂತ ಮ್ಯಾಟ್ ಕಾಗದದಲ್ಲಿ ಶಾಯಿ ಬೇಗ ಒಣಗುತ್ತದೆ. ಬಾಲ್‌ಪೆನ್ನು ಫೋಟೋದ ಮೇಲೆ ಜಾರುತ್ತದೆ, ಇಲ್ಲವೇ ಗೀರು ಬೀಳಿಸುತ್ತದೆ; ಜೆಲ್ ಪೆನ್ನು ತಿಂಗಳಾದರೂ ಒರೆಸಿದರೆ ಹೋಗುತ್ತದೆ. ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರ್ ಮಾತ್ರ ಸರಿಯಾದದ್ದು. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಾಗಲಿ ಧಾರವಾಡದ ಸುಭಾಸ ರಸ್ತೆಯ ಸ್ಟೇಶನರಿ ಅಂಗಡಿಗಳಲ್ಲಾಗಲಿ ಎರಡು-ಮೂರು ಬಗೆಯ ಮಾರ್ಕರ್ ಕೊಂಡು, ಹಾಳಾದ ಪ್ರಿಂಟಿನ ಮೇಲೆ ಬರೆದು, ಒಂದು ನಿಮಿಷಕ್ಕೊಮ್ಮೆ, ಐದು ನಿಮಿಷಕ್ಕೊಮ್ಮೆ ಹೆಬ್ಬೆರಳಿನಿಂದ ಒರೆಸಿ ನೋಡಬೇಕು. ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡದವರು ಬಸ್ಸಿನ ಬಾಗಿಲಿನಲ್ಲಿ ಮಾಡಬೇಕಾಗುತ್ತದೆ.

ಜೆರ್ಸಿಯ ಸಂಗತಿ ಹೆಚ್ಚು ನಾಜೂಕಿನದು. ಕಿತ್ತಳೆ ಬಣ್ಣದ ಗೋವಾ ಜೆರ್ಸಿಯ ಮೇಲೆ ಕಪ್ಪು ಮಾರ್ಕರ್ ಚೆನ್ನಾಗಿ ಕಾಣುತ್ತದೆ. ಬೆಂಗಳೂರಿನ ಗಾಢ ನೀಲಿಯ ಮೇಲೆ ಅದು ಕಾಣುವುದೇ ಇಲ್ಲ, ಅಲ್ಲಿ ಬೆಳ್ಳಿ ಅಥವಾ ಬಿಳಿ ಬಣ್ಣದ ಪೇಂಟ್ ಮಾರ್ಕರ್ ಬೇಕು. ಪೇಂಟ್ ಮಾರ್ಕರನ್ನು ಚೆನ್ನಾಗಿ ಅಲುಗಾಡಿಸಿ, ಮೊನೆಯನ್ನು ಕಾಗದದ ಮೇಲೆ ಒತ್ತಿ ಬಣ್ಣ ಇಳಿಸಿಕೊಂಡು ಸಿದ್ಧವಾಗಿಟ್ಟುಕೊಂಡಿರಬೇಕು. ಹಾಗೆ ಮಾಡದೆ ಆಟಗಾರನ ಕೈಗೆ ಕೊಟ್ಟರೆ ಮೊದಲ ಅಕ್ಷರದಲ್ಲಿ ಬಣ್ಣವೇ ಬರುವುದಿಲ್ಲ, ಎರಡನೆಯದರಲ್ಲಿ ದೊಡ್ಡ ಹನಿ ಬೀಳುತ್ತದೆ. ಜೆರ್ಸಿಯ ಪಾಲಿಯೆಸ್ಟರ್ ಬಟ್ಟೆ ಎಳೆದಂತೆ ಹಿಗ್ಗುವುದರಿಂದ, ಒಳಗೆ ಗಟ್ಟಿ ರಟ್ಟು ಸೇರಿಸಿ, ಎರಡು ಬದಿಗೂ ಕ್ಲಿಪ್ ಹಾಕಿ ಬಿಗಿಮಾಡಿ ಹಿಡಿಯಬೇಕು. ರಟ್ಟು ಇಲ್ಲದಿದ್ದರೆ ಶಾಯಿ ಬೆನ್ನಿನಿಂದ ಎದೆಗೂ ಇಳಿಯುತ್ತದೆ. ಬೆನ್ನಿನ ಅಂಕಿಯ ನುಣುಪಾದ ಅಚ್ಚಿನ ಮೇಲೆ ಹಾಕಿದ ಸಹಿ ನೋಡಲು ಅಂದ, ಆದರೆ ಬಟ್ಟೆಯ ಮೇಲಿನದಕ್ಕಿಂತ ಬೇಗ ಅಳಿಸಿಹೋಗುತ್ತದೆ. ಸಹಿ ಮಾಡಿಸಿದ ಜೆರ್ಸಿಯನ್ನು ಮತ್ತೆ ತೊಡುವ, ಒಗೆಯುವ ಆಸೆಯನ್ನು ಬಿಡಬೇಕು. ತೊಡುವುದಕ್ಕೆ ಇನ್ನೊಂದು ಕೊಳ್ಳಿ.

ಚೆಂಡಿನ ಮೇಲೆ ಸಹಿ ಮಾಡಿಸುವುದಿದ್ದರೆ ನಯವಾದ ಬಿಳಿ ಪ್ಯಾನಲ್‌ಗಳಿರುವ ಚೆಂಡನ್ನು ಆರಿಸಿರಿ. ಈಗಿನ ದುಬಾರಿ ಚೆಂಡುಗಳ ಮೇಲ್ಮೈ ಹಿಡಿತಕ್ಕಾಗಿ ಗುಳಿಗುಳಿಯಾಗಿರುವುದರಿಂದ ಗೆರೆ ಒಡೆಯುತ್ತದೆ. ಅರ್ಧ ಗಾಳಿ ತೆಗೆದ ಚೆಂಡಿನ ಮೇಲೆ ಎಂದೂ ಸಹಿ ಮಾಡಿಸಬಾರದು. ಮುದ್ರಿತ ಟಿಕೆಟ್ಟಿನ ಮೇಲೆ ಮಾಡಿಸುವವರು ಕಾಗದವನ್ನು ಒಮ್ಮೆ ಉಗುರಿನಿಂದ ಗೀರಿ ನೋಡಬೇಕು. ಕಪ್ಪು ಗೆರೆ ಮೂಡಿದರೆ ಅದು ಬಿಲ್ಲಿಗೆ ಬಳಸುವಂಥ ಥರ್ಮಲ್ ಕಾಗದ, ಕೆಲವೇ ವರ್ಷಗಳಲ್ಲಿ ಅದರ ಅಚ್ಚು ಮಾಸಿ ಬರಿಯ ಸಹಿ ಉಳಿಯುತ್ತದೆ.

ಎರಡು ವಸ್ತುಗಳನ್ನು ಮಾತ್ರ ಯಾವ ಕಾರಣಕ್ಕೂ ಮುಂದೆ ಹಿಡಿಯಬಾರದು. ಒಂದು, ನೋಟು: ನೋಟಿನ ಮೇಲೆ ಬರೆಯಬಾರದೆಂದು ರಿಸರ್ವ್ ಬ್ಯಾಂಕ್ ಕೇಳಿಕೊಂಡಿದೆ. ಇನ್ನೊಂದು, ರಾಷ್ಟ್ರಧ್ವಜ. ಭಾರತದ ಪಂದ್ಯಗಳಿಗೆ ಧ್ವಜ ಹಿಡಿದು ಹೋಗುವ ಹುಡುಗರು ಉತ್ಸಾಹದಲ್ಲಿ ಅದನ್ನೇ ಮುಂದೆ ಹಿಡಿಯುವುದುಂಟು. 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಯ ಪ್ರಕಾರ ಧ್ವಜದ ಮೇಲೆ ಬರೆಯುವುದು ಧ್ವಜಕ್ಕೆ ಮಾಡುವ ಅಗೌರವ. ಸಹಿ ಹಾಕಿದ ಆಟಗಾರನನ್ನೂ ನೀವು ತೊಂದರೆಗೆ ಸಿಲುಕಿಸಿದಂತಾಗುತ್ತದೆ. ಖಾಲಿ ಬಿಳಿಯ ಹಾಳೆಯೂ ಬೇಡ. ಮೇಲ್ಗಡೆ ಬೇರೆಯವರು ಏನು ಬರೆದುಕೊಳ್ಳುತ್ತಾರೋ ಎಂಬ ಅಂಜಿಕೆಯಿಂದ ಅದಕ್ಕೆ ಸಹಿ ಹಾಕಲು ಕೆಲವರು ಒಪ್ಪುವುದಿಲ್ಲ, ಆ ಅಂಜಿಕೆ ನ್ಯಾಯವಾದದ್ದೇ.

ನಾಲ್ಕನೆಯ ಹೆಜ್ಜೆ: ಕಾಯುವುದು ಮತ್ತು ಕೇಳುವುದು

ತಂಡದ ಬಸ್ಸು ಪಂದ್ಯ ಆರಂಭವಾಗುವುದಕ್ಕೆ ಸುಮಾರು ಒಂದೂವರೆ ಗಂಟೆ ಮೊದಲು ಕ್ರೀಡಾಂಗಣಕ್ಕೆ ಬರುತ್ತದೆ. ಆಗ ಆಟಗಾರರ ಕಿವಿಯಲ್ಲಿ ಹೆಡ್‌ಫೋನು, ತಲೆಯಲ್ಲಿ ಪಂದ್ಯ ಇರುತ್ತದೆ. ಸಹಿ ಸಿಗುವುದು ಅಪರೂಪ. ಆದರೂ ಆ ಹೊತ್ತಿಗೆ ಅಲ್ಲಿರಬೇಕು, ಯಾವ ಬಾಗಿಲಿನಿಂದ ಒಳಗೆ ಹೋದರು, ಬಸ್ಸು ಎಲ್ಲಿ ನಿಂತಿತು, ತಡೆಕಟ್ಟೆ ಎಲ್ಲಿಯವರೆಗೆ ಇದೆ ಎಂಬುದನ್ನು ನೋಡಿಟ್ಟುಕೊಳ್ಳಬೇಕು. ನಿಜವಾದ ಅವಕಾಶ ಪಂದ್ಯ ಮುಗಿದು ಒಂದು ಗಂಟೆಯ ನಂತರದ್ದು. ಏಳೂವರೆಗೆ ಆರಂಭವಾದ ಪಂದ್ಯ ಒಂಬತ್ತೂವರೆಯ ಹೊತ್ತಿಗೆ ಮುಗಿದರೆ, ಸ್ನಾನ, ಪತ್ರಕರ್ತರ ಭೇಟಿ ಎಲ್ಲ ಮುಗಿಸಿ ಆಟಗಾರರು ಹೊರಬರುವಾಗ ಹತ್ತೂವರೆ, ಹನ್ನೊಂದು ಗಂಟೆಯಾಗಿರುತ್ತದೆ. ಆ ರಾತ್ರಿಯೇ ಊರಿಗೆ ಮರಳುವ ರೈಲನ್ನು ನೆಚ್ಚಿಕೊಂಡವರು ಒಂದು ಕಣ್ಣು ಗಡಿಯಾರದ ಮೇಲಿಟ್ಟು ಕಾಯುತ್ತಾರೆ, ಬಾಗಿಲು ತೆರೆಯುವ ಹೊತ್ತಿಗೆ ಎದ್ದು ಹೋಗುತ್ತಾರೆ. ಮಡಗಾಂವದಲ್ಲಿ ಒಂದು ರಾತ್ರಿ ತಂಗುವ ಖರ್ಚನ್ನು ಸಂಗ್ರಹದ ಖರ್ಚೆಂದೇ ತಿಳಿಯಬೇಕು.

ಇದಕ್ಕಿಂತ ಉತ್ತಮವಾದದ್ದು ಹಿಂದಿನ ದಿನದ ಅಭ್ಯಾಸ. ಕ್ಲಬ್ಬುಗಳು ಅಭಿಮಾನಿಗಳಿಗೆ ಅಭ್ಯಾಸ ನೋಡಲು ಅವಕಾಶ ಕೊಡುವ ದಿನಗಳನ್ನೂ, ಅಂಗಡಿ-ಮಾಲ್‌ಗಳಲ್ಲಿ ಆಟಗಾರರನ್ನು ಕೂರಿಸಿ ಸಹಿ ಹಾಕಿಸುವ ಕಾರ್ಯಕ್ರಮಗಳನ್ನೂ ತಮ್ಮ ಸಾಮಾಜಿಕ ಜಾಲತಾಣದ ಪುಟಗಳಲ್ಲಿ ಪ್ರಕಟಿಸುತ್ತವೆ. ಮೇಜಿನ ಮುಂದೆ ಕುಳಿತು ಹಾಕಿದ ಸಹಿಯಲ್ಲಿ ಹೆಸರು ಪೂರ್ತಿಯಾಗಿರುತ್ತದೆ, ಬಸ್ಸಿನ ಬಾಗಿಲಿನಲ್ಲಿ ಹಾಕಿದ್ದು ಒಂದು ಅಕ್ಷರ ಮತ್ತು ಒಂದು ಬಾಲ.

ಕೇಳುವ ರೀತಿಯಲ್ಲಿ ಅರ್ಧ ಕೆಲಸ ಅಡಗಿದೆ. ಆಟಗಾರನನ್ನು ಹೆಸರು ಹಿಡಿದು ಕರೆಯಬೇಕು, ಮತ್ತು ಆ ಹೆಸರು ಸರಿಯಾಗಿರಬೇಕು. ನಮ್ಮ ತಂಡಗಳಲ್ಲಿ ಮಣಿಪುರ, ಮಿಜೋರಾಂಗಳ ಆಟಗಾರರು ಬಹಳ. ಅವರನ್ನು "ಏ ಸಿಂಗ್" ಎಂದು ಕೂಗಿದರೆ ನಾಲ್ವರು ತಿರುಗಬಹುದು, ಅಥವಾ ಯಾರೂ ತಿರುಗದಿರಬಹುದು. ಉದಾಂತ, ಸುರೇಶ್, ರೋಶನ್ ಎಂದು ಅವರವರ ಸ್ವಂತ ಹೆಸರಿಗೆ "ಭಾಯಿ" ಸೇರಿಸಿ ಕರೆದರೆ ಮುಖ ತಿರುಗುತ್ತದೆ. ಮಾರ್ಕರಿನ ಮುಚ್ಚಳ ತೆಗೆದು, ಚಿತ್ರವನ್ನು ಗಟ್ಟಿ ಪರೀಕ್ಷಾ ಪ್ಯಾಡಿಗೆ ಕ್ಲಿಪ್ ಮಾಡಿ, ಸಹಿ ಎಲ್ಲಿ ಬೇಕೋ ಆ ಜಾಗ ಅವರ ಬಲಗೈಗೆ ಸಿಗುವಂತೆ ಹಿಡಿದಿರಬೇಕು. ಒಬ್ಬರಿಂದ ಒಂದೇ ಸಹಿ ಕೇಳಬೇಕು. ಹತ್ತು ಚಿತ್ರ ಮುಂದೊಡ್ಡಿದವನನ್ನು ಆಟಗಾರರು ವ್ಯಾಪಾರಿಯೆಂದೇ ತಿಳಿಯುತ್ತಾರೆ. ನಿಮ್ಮ ಹೆಸರನ್ನೂ ಬರೆಯಿರೆಂದು ಕೇಳಿದರೆ ಆ ಅನುಮಾನ ಹೋಗುತ್ತದೆ. ಮಾರುವಾಗ ಬೆಲೆ ಕಡಿಮೆಯಾಗುತ್ತದೆ ಎಂಬುದು ನಿಜ, ಮಾರುವ ವಿಚಾರವಿಲ್ಲದವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸಹಿ ಮತ್ತು ಸೆಲ್ಫಿ ಎರಡನ್ನೂ ಕೇಳಿದರೆ ಸೆಲ್ಫಿ ಮಾತ್ರ ಸಿಗುತ್ತದೆ. ಸೋತ ರಾತ್ರಿ, ಕುಂಟುತ್ತ ಬರುವಾಗ, ಮನೆಯವರ ಜತೆಗೆ ಊಟಕ್ಕೆ ಕುಳಿತಿರುವಾಗ ಕೇಳಬಾರದು, ಹೋಟೆಲಿನ ಕೋಣೆಯವರೆಗೆ ಹಿಂಬಾಲಿಸಲೂಬಾರದು. ಧಾರವಾಡದಿಂದ ಬಂದವರೆಂದು ಫೇಡೆಯ ಪೊಟ್ಟಣ ಒಯ್ಯುವವರಿಗೆ ಒಂದು ಮಾತು: ಪಥ್ಯದಲ್ಲಿರುವ ಆಟಗಾರ ಅದನ್ನು ತಿನ್ನುವುದಿಲ್ಲ. ತಂಡದ ಬಟ್ಟೆ-ಬೂಟು ನೋಡಿಕೊಳ್ಳುವ ಸಿಬ್ಬಂದಿಗೆ ಕೊಟ್ಟರೆ ಸಂತೋಷದಿಂದ ತಿನ್ನುತ್ತಾರೆ, ಮುಂದಿನ ಸಲ ನಿಮ್ಮ ಗುರುತನ್ನೂ ಹಿಡಿಯುತ್ತಾರೆ.

ಸಹಿಯಾದ ಕೂಡಲೇ ಚಿತ್ರವನ್ನು ಚೀಲಕ್ಕೆ ತುರುಕಬಾರದು. ಎರಡು-ಮೂರು ನಿಮಿಷ ಗಾಳಿಗೆ ಹಿಡಿದು, ನಂತರ ಗಟ್ಟಿ ಫೈಲಿನಲ್ಲಿ ಇಡಬೇಕು.

ಅಂಚೆಯ ಮೂಲಕ ಕೇಳುವುದಾದರೆ

ಭಾರತದ ಕ್ಲಬ್ಬಿಗೆ ಬರೆಯುವಾಗ ಅದರ ಕಚೇರಿಯ ವಿಳಾಸಕ್ಕೆ, ಆಟಗಾರನ ಹೆಸರು ಬರೆದು ಕಳಿಸಬೇಕು. ಪತ್ರ ಅರ್ಧ ಪುಟಕ್ಕಿಂತ ಉದ್ದವಾಗಬಾರದು: ನೀವು ಯಾರು, ಯಾವ ಊರಿನವರು, ಅವರ ಯಾವ ಪಂದ್ಯ ನಿಮಗೆ ನೆನಪಿನಲ್ಲಿದೆ, ಏನು ಬೇಕು, ಇಷ್ಟು ಸಾಕು. ಜತೆಗೆ ಒಂದು ಚಿತ್ರ, ಅದು ಮಡಚದಂತೆ ಒಂದು ರಟ್ಟು, ನಿಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಮರುಲಕೋಟೆ ಇರಬೇಕು. ಮರುಲಕೋಟೆಯ ತೂಕವನ್ನು ಚಿತ್ರ ಮತ್ತು ರಟ್ಟಿನೊಂದಿಗೆ ಅಂಚೆ ಕಚೇರಿಯಲ್ಲಿ ತೂಗಿಸಿಯೇ ಚೀಟಿ ಹಚ್ಚಿರಿ. ಬಹಳ ಜನ ಖಾಲಿ ಲಕೋಟೆಯ ಲೆಕ್ಕ ಹಿಡಿದು ಎಡವುತ್ತಾರೆ. 2025ರಲ್ಲಿ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿರುವುದರಿಂದ ಹೋಗುವ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬಹುದು. ಮರುಲಕೋಟೆ ಸಾಧಾರಣ ಅಂಚೆಯದೇ ಇರಲಿ, ಅದನ್ನು ಅವರು ಡಬ್ಬಿಗೆ ಹಾಕಿದರೆ ಮುಗಿಯಿತು. ಪಿನ್ ಕೋಡ್ ಮರೆಯಬಾರದು.

ವಿದೇಶಕ್ಕೆ ಬರೆಯುವಾಗ ಭಾರತದ ಅಂಚೆಚೀಟಿ ಹಚ್ಚಿದ ಮರುಲಕೋಟೆ ಕೆಲಸಕ್ಕೆ ಬಾರದು, ಏಕೆಂದರೆ ಅಲ್ಲಿಂದ ಹೊರಡುವ ಪತ್ರಕ್ಕೆ ಆ ದೇಶದ ಚೀಟಿಯೇ ಬೇಕು. ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳಲ್ಲಿ ಹಲವು, ಅಂಚೆಯಲ್ಲಿ ಬಂದ ವಸ್ತುಗಳಿಗೆ ಸಹಿ ಮಾಡಿಸಿ ಹಿಂದಿರುಗಿಸಲಾಗದೆಂದು ಮೊದಲೇ ಹೇಳಿಬಿಡುತ್ತವೆ. ಆದ್ದರಿಂದ ಜೆರ್ಸಿಯಂಥ ಬೆಲೆಯುಳ್ಳ ವಸ್ತುವನ್ನು ಎಂದೂ ಕಳಿಸಬಾರದು. ಜರ್ಮನಿಯ ಪದ್ಧತಿ ನಮ್ಮಂಥವರಿಗೆ ಹೆಚ್ಚು ಅನುಕೂಲ. ಅಲ್ಲಿಯ ಬುಂಡೆಸ್‌ಲೀಗಾ ಕ್ಲಬ್ಬುಗಳು ಪ್ರತಿ ಋತುವಿಗೂ ಆಟಗಾರರ ಚಿತ್ರವಿರುವ ‘ಆಟೋಗ್ರಾಮ್‌ಕಾರ್ಟೆ’ ಎಂಬ ಸಹಿಕಾರ್ಡುಗಳನ್ನು ಅಚ್ಚು ಹಾಕಿಸುವ ರೂಢಿಯಿದೆ, ಕೇಳಿದ ಅಭಿಮಾನಿಗಳಿಗೆ ಅವುಗಳನ್ನು ಕಳಿಸುವುದೂ ಉಂಟು. ಆದರೆ ಕಾರ್ಡಿನ ಮೇಲಿನ ಸಹಿ ಕೈಯಿಂದ ಹಾಕಿದ್ದೋ ಚಿತ್ರದೊಂದಿಗೇ ಅಚ್ಚಾದದ್ದೋ ಎಂದು ನೋಡಿಕೊಳ್ಳಬೇಕು. ಭೂತಗನ್ನಡಿಯ ಕೆಳಗೆ ಅಚ್ಚಾದ ಸಹಿ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯುತ್ತದೆ. ಓರೆಯಾಗಿ ಬೆಳಕಿಗೆ ಹಿಡಿದರೆ ಮಾರ್ಕರಿನ ಶಾಯಿ ಮಾತ್ರ ಕಾಗದದ ಹೊಳಪಿಗಿಂತ ಬೇರೆಯಾಗಿ ಮಿನುಗುತ್ತದೆ.

ಕೊಳ್ಳುವ ಆಸೆ ಬಂದಾಗ

ಮೆಸ್ಸಿ, ರೊನಾಲ್ಡೊ ಅವರ ಸಹಿಯ ಜೆರ್ಸಿಗಳು ಅಂತರ್ಜಾಲದಲ್ಲಿ ಎರಡು-ಮೂರು ಸಾವಿರ ರೂಪಾಯಿಗೆ ಕಂಡರೆ ಅವು ನಕಲಿಯೆಂದೇ ತಿಳಿದು ಮುಂದೆ ಹೋಗಿರಿ. ಮಾರುವವನೇ ಅಚ್ಚು ಹಾಕಿಸಿ ಕೊಡುವ ದೃಢೀಕರಣ ಪತ್ರಕ್ಕೆ ಅವನ ಬಾಯಿಮಾತಿಗಿಂತ ಹೆಚ್ಚಿನ ಬೆಲೆಯಿಲ್ಲ. ನಕಲಿ ಸಹಿಯ ಗೆರೆ ಎಲ್ಲ ಕಡೆಗೂ ಒಂದೇ ದಪ್ಪವಿರುತ್ತದೆ, ತಿರುವಿನಲ್ಲಿ ಕೈ ನಡುಗಿದ್ದು ಕಾಣುತ್ತದೆ. ನಿಜವಾದದ್ದು ವೇಗದಿಂದ ಬಂದಿರುವುದರಿಂದ ಗೆರೆಯ ಕೊನೆ ತೆಳ್ಳಗಾಗಿ ಹಾರಿಹೋಗಿರುತ್ತದೆ. ಒಂದು ಜೆರ್ಸಿಯ ಮೇಲೆ ಹನ್ನೊಂದು ಸಹಿಗಳೂ ಒಂದೇ ಓರೆಯಲ್ಲಿ, ಒಂದೇ ಪೆನ್ನಿನಲ್ಲಿ ಇದ್ದರೆ ಅನುಮಾನಿಸಬೇಕು. ನಾನೂ ಒಮ್ಮೆ ಹೀಗೆ ಮೋಸ ಹೋಗಿದ್ದೇನೆ. ಆ ಜೆರ್ಸಿಯನ್ನು ಈಗ ಮಾರ್ಕರ್ ಪರೀಕ್ಷಿಸುವುದಕ್ಕೆ ಬಳಸುತ್ತೇನೆ.

ಮನೆಗೆ ತಂದ ಮೇಲೆ

ಸಹಿಗೆ ಇಬ್ಬರು ವೈರಿಗಳು: ಬಿಸಿಲು ಮತ್ತು ತೇವ. ಗದಗಿನಲ್ಲಿ, ಹುಬ್ಬಳ್ಳಿಯ ಪೂರ್ವಭಾಗದಲ್ಲಿ ಬಿಸಿಲಿನ ಕಾಟ ಹೆಚ್ಚು. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಚೌಕಟ್ಟು ಹಾಕಿಸಿದ ಚಿತ್ರವನ್ನು ಕಿಟಕಿಯ ಎದುರಿನ ಗೋಡೆಗೆ ತೂಗುಹಾಕಿದರೆ ಕೆಲವೇ ವರ್ಷಗಳಲ್ಲಿ ಸಹಿ ಕಂದಿ, ಆಮೇಲೆ ಮಾಯವಾಗುತ್ತದೆ. ಚೌಕಟ್ಟಿನೊಳಗೆ ಗಾಜಿಗೂ ಚಿತ್ರಕ್ಕೂ ನಡುವೆ ರಟ್ಟಿನ ಅಂಚು ಕೊಡಿಸಿ, ಅಂತರ ಇರುವಂತೆ ನೋಡಿಕೊಳ್ಳಬೇಕು; ಇಲ್ಲದಿದ್ದರೆ ಮಳೆಗಾಲದಲ್ಲಿ ಶಾಯಿ ಗಾಜಿಗೆ ಅಂಟುತ್ತದೆ. ಲ್ಯಾಮಿನೇಶನ್ ಮಾತ್ರ ಬೇಡವೇ ಬೇಡ, ಆ ಬಿಸಿಗೆ ಶಾಯಿ ಹರಡುತ್ತದೆ ಮತ್ತು ಒಮ್ಮೆ ಮಾಡಿಸಿದ ಮೇಲೆ ಬಿಡಿಸುವ ಉಪಾಯವಿಲ್ಲ. ಪುಟಕ್ಕೆ ಅಂಟು ಇರುವ ಹಳೆಯ ಬಗೆಯ ಆಲ್ಬಮ್ಮುಗಳೂ, ವಾಸನೆ ಬರುವ ಪಿವಿಸಿ ಹಾಳೆಗಳೂ ಚಿತ್ರವನ್ನು ನಿಧಾನವಾಗಿ ಕೆಡಿಸುತ್ತವೆ. ಪಾಲಿಪ್ರೊಪಿಲಿನ್ ಹಾಳೆಗಳಿರುವ ಫೈಲು ಸಾಕು. ಜೆರ್ಸಿಯನ್ನು ಸಹಿಯ ಭಾಗ ಮಡಿಕೆಗೆ ಬಾರದಂತೆ ಮಡಚಿ, ಹಳೆಯ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಬೇಕು.

ಪ್ರತಿ ಸಹಿಗೂ ಒಂದು ನೋಟುಬುಕ್ಕಿನಲ್ಲಿ ದಿನಾಂಕ, ಸ್ಥಳ, ಪಂದ್ಯ, ಯಾರ ಎದುರಿಗೆ ಸಿಕ್ಕಿತು ಎಂಬುದನ್ನು ಅದೇ ರಾತ್ರಿ ಬರೆದಿಡಬೇಕು. ಸಾಧ್ಯವಾದರೆ ಆಟಗಾರ ಸಹಿ ಹಾಕುತ್ತಿರುವ ಚಿತ್ರವನ್ನು ಜತೆಗಿದ್ದವರಿಂದ ಮೊಬೈಲಿನಲ್ಲಿ ತೆಗೆಸಿ, ಪ್ರಿಂಟ್ ಹಾಕಿಸಿ ಅದರ ಪಕ್ಕದಲ್ಲಿಡಬೇಕು. ಯಾವ ಕಂಪನಿಯ ದೃಢೀಕರಣ ಪತ್ರಕ್ಕಿಂತಲೂ ಇದು ಗಟ್ಟಿಯಾದ ಸಾಕ್ಷಿ. ಫೋಟೋದ ಬೆನ್ನಿಗೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಿಂದ ಅಂಚಿನಲ್ಲಿ ಬರೆಯಿರಿ, ಬಾಲ್‌ಪೆನ್ನಿನ ಒತ್ತು ಮುಂದಿನ ಬದಿಗೆ ಮೂಡುತ್ತದೆ. ನನ್ನ ಸಂಗ್ರಹ ಇರುವುದು ಕಬ್ಬಿಣದ ಒಂದು ಟ್ರಂಕಿನಲ್ಲಿ, ನೆಲದಿಂದ ಎರಡು ಇಟ್ಟಿಗೆ ಎತ್ತರದಲ್ಲಿ, ಒಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ. ಮಳೆಗಾಲದ ನಾಲ್ಕು ತಿಂಗಳೂ ಬಿಸಿಲು ಬಿದ್ದ ಯಾವುದಾದರೊಂದು ಭಾನುವಾರ ಅದನ್ನು ತೆರೆದು, ಪೊಟ್ಟಣ ಬದಲಿಸಿ, ಹಾಳೆಗಳ ಮೂಲೆಗಳಲ್ಲಿ ಬೂಸಲು ಬಂದಿದೆಯೇ, ಗೆದ್ದಲಿನ ಮಣ್ಣಿನ ಗೆರೆ ಇಟ್ಟಿಗೆಯನ್ನು ಏರಿದೆಯೇ ಎಂದು ನೋಡುತ್ತೇನೆ.